ಪೈಪ್ ಸಣ್ಣದಾದರೆ ಎಳೆತ ಜೋರಾಗುತ್ತದೆಯೇ?

ಪ್ರಶ್ನೆ: “ಸರ್, ಮನಿ ಹಿಂದಿನ ಶೆಡ್ಡಿನ್ಯಾಗ 2 ಎಚ್‌ಪಿ ಡಸ್ಟ್ ಕಲೆಕ್ಟರ್ ಇಟ್ಟೇನ್ರಿ. 4 ಇಂಚಿನ ಪೈಪ್ ಐತಿ. ಟೇಬಲ್ ಸಾ ಕಡೆ ಹೊಟ್ಟು ಎಳಿಯವಲ್ದು. ಪೈಪ್ ಎರಡೂವರಿ ಇಂಚಿಗೆ ಇಳಿಸಿದ್ರ ಎಳೆತ ಜೋರ್ ಆಕ್ಕೈತೇನ್ರಿ?” (ಧಾರವಾಡದ ಓದುಗರು)

ಇಲ್ರಿ. ಇದ್ದ ಎಳೆತವೂ ಹೋಗುತ್ತದೆ. (ಹೊಸಬರಿಗೆ: ಡಸ್ಟ್ ಕಲೆಕ್ಟರ್ ಅಂದರೆ ಮರಗೆಲಸದ ಮಷಿನ್‌ಗಳಿಂದ ಹೊಟ್ಟನ್ನು ಗಾಳಿಯೊಂದಿಗೆ ಎಳೆದು ಚೀಲಕ್ಕೆ ತುಂಬುವ ಯಂತ್ರ, ಟೇಬಲ್ ಸಾ ಅಂದರೆ ಕಟ್ಟಿಗೆ ಕೊಯ್ಯುವ ಮೇಜಿನ ಗರಗಸ.) ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ವೇಷ ಬದಲಿಸಿ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಮ್ಮೆ “75 ಎಂಎಂ ಪೈಪಿಗೆ ಇಳಿಸಲೇ” ಎಂದು, ಇನ್ನೊಮ್ಮೆ “ತುದಿಗೊಂದು ಬಾಯಿ ಸಣ್ಣ ಮಾಡುವ ರೆಡ್ಯೂಸರ್ ಹಾಕಲೇ” ಎಂದು. ಈ ಸಲ ಬೇರುಸಮೇತ ಕಿತ್ತುಬಿಡೋಣ.

ಈ ನಂಬಿಕೆ ಹುಟ್ಟುವುದು ಅಂಗಳಕ್ಕೆ ನೀರು ಹೊಡೆಯುವಾಗ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ನಿಜ. ಹಾಗೇ ಬೆರಳು ಒತ್ತಿಕೊಂಡು ಒಂದು ಬಕೆಟ್ ತುಂಬಿಸಿ ನೋಡಿ. ಬೆರಳು ತೆಗೆದು ತುಂಬಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಚಿಮ್ಮುವುದು ಹೆಚ್ಚಿತು, ಬರುವ ನೀರು ಕಡಿಮೆಯಾಯಿತು. ಹೊಟ್ಟು ಹಿಡಿಯುವುದು ಬಕೆಟ್ ತುಂಬುವಂಥ ಕೆಲಸ. ಪೈಪಿನ ಬಾಯಿಂದ ಒಂದು ಗೇಣು ಆಚೆ ಗಾಳಿಯ ವೇಗ ಹೆಸರಿಗಷ್ಟೇ ಉಳಿದಿರುತ್ತದೆ. ಬ್ಲೇಡಿನ ಸುತ್ತ ಹಾರುವ ಪುಡಿಯನ್ನು ಒಳಗೆ ತರುವುದು ಗಾಳಿಯ ಪ್ರಮಾಣ.

ಅದೂ ಬೆರಳು ಒತ್ತಿದ್ದು ಬಾಯಿಗಷ್ಟೇ. ನೀವು ಕೇಳುತ್ತಿರುವುದು ಪೈಪನ್ನು ಉದ್ದಕ್ಕೂ ಸಣ್ಣದು ಮಾಡುವುದನ್ನು. ದೂರದ ಹೊಲಕ್ಕೆ ಬೋರ್‌ವೆಲ್ ನೀರು ಒಯ್ಯುವ ಗದಗ ಕಡೆಯ ರೈತನಿಗೆ, “75 ಯಾಕ, 63ರ ಪೈಪ್ ಹಾಕು, ನೀರು ಜೋರ್ ಬರತೈತಿ” ಎಂದು ಹೇಳಿ ನೋಡಿ. ನಕ್ಕುಬಿಡುತ್ತಾನೆ. ಗಾಳಿಗೂ ಅದೇ ನ್ಯಾಯ. ಅಷ್ಟೇ ಗಾಳಿಯನ್ನು ಅರ್ಧ ಅಗಲದ ಪೈಪಿನಲ್ಲಿ ತೂರಿಸಬೇಕಾದರೆ ತಡೆ ಸುಮಾರು 32 ಪಟ್ಟು. 4 ಇಂಚಿನಿಂದ ಎರಡೂವರೆಗೆ ಇಳಿದರೆ 10 ಪಟ್ಟು.

“ವ್ಯಾಕ್ಯೂಮ್ ಕ್ಲೀನರ್ ಪೈಪ್ ಸಣ್ಣದೇ ಇರುತ್ತದಲ್ಲ?” ಇರುತ್ತದೆ. ಅದರ ಮೋಟಾರು ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗಿ, ನೀರನ್ನು 2 ಮೀಟರ್ ಎತ್ತುವಷ್ಟು ಬಲವಾಗಿ ಎಳೆಯುತ್ತದೆ. ಆದರೆ ಎಳೆಯುವ ಗಾಳಿ ಸ್ವಲ್ಪವೇ. ನಿಮ್ಮ ಕಲೆಕ್ಟರಿನ ಫ್ಯಾನ್ ತಿರುಗುವುದು 2,800 ಸುತ್ತು. ಅದು ನೀರನ್ನು 20–25 ಸೆಂಟಿಮೀಟರ್ ಎತ್ತಿದರೆ ದೊಡ್ಡದು, ಗಾಳಿ ಮಾತ್ರ ರಾಶಿರಾಶಿ ಎಳೆಯುತ್ತದೆ. ಎತ್ತಿಗೆ ಕುದುರೆಯ ಜೀನು ಹಾಕಬೇಡಿ.

ಪೈಪಿನ ಬಾಯಿ ಮುಚ್ಚಿದಾಗ ಸದ್ದು ಏರುವುದನ್ನು ಕೇಳಿ “ಜೋರ್ ಎಳಿಯಾಕತ್ತೈತಿ” ಅನ್ನುವವರೂ ಇದ್ದಾರೆ. ತಂತಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿಯಿರಿ, ಬಾಯಿ ಮುಚ್ಚುತ್ತಿದ್ದಂತೆ ಆಂಪಿಯರ್ ಇಳಿಯುತ್ತದೆ. ತಳ್ಳಲು ಗಾಳಿ ಸಿಗದ ಫ್ಯಾನು ಖಾಲಿ ತಿರುಗುವ ಸದ್ದು ಅದು.

ಇನ್ನು ನಿಮ್ಮ ಶೆಡ್ಡಿಗೆ ಬರೋಣ. ಮೊದಲು ಚೀಲ. ಬಾಗಿಲು ತೆರೆದು, ಮಾಸ್ಕ್ ಹಾಕಿ, ಮೇಲಿನ ಬಟ್ಟೆ ಚೀಲ ತೆಗೆದು ಒಂದು ನಿಮಿಷ ಓಡಿಸಿ. ಎಳೆತ ಚೆನ್ನಾಗಿ ಬಂದರೆ ಕಳ್ಳ ಪೈಪಲ್ಲ, ಚೀಲ. ಜಡಿಮಳೆಯ ದಿನಗಳಲ್ಲಿ ತಂಪು ಹಿಡಿದ ಪುಡಿ ಬಟ್ಟೆಗೆ ಮೆತ್ತಿಕೊಂಡಿರುತ್ತದೆ. ಒಣಗಿಸಿ, ಒಳಮೈ ಹೊರಗೆ ಮಾಡಿ ಝಾಡಿಸಿ.

ಚೀಲ ಸರಿಯಿದ್ದರೆ ಪೈಪನ್ನು ದೊಡ್ಡದು ಮಾಡಿ. ಗಾಳಿ ಸೆಕೆಂಡಿಗೆ 20 ಮೀಟರ್ ಓಡಿದರೆ 63 ಎಂಎಂ (ಸುಮಾರು ಎರಡೂವರೆ ಇಂಚು) ಪೈಪಿನಲ್ಲಿ ಗಂಟೆಗೆ ಸುಮಾರು 200 ಘನ ಮೀಟರ್ ಹೋಗುತ್ತದೆ, 110ರಲ್ಲಿ (ಸುಮಾರು 4 ಇಂಚು) 600, 160ರಲ್ಲಿ (ಸುಮಾರು 6 ಇಂಚು) 1,300. ಟೇಬಲ್ ಸಾ ಒಂದಕ್ಕೇ 600 ಬೇಕು. ಕಲೆಕ್ಟರಿನ ಬಾಯಲ್ಲಿ ಎರಡು 4 ಇಂಚು ಕವಲಿನ ತುಂಡು ಇರುತ್ತದೆ. ಅದನ್ನು ಬಿಚ್ಚಿ, ಒಳಗಿನ 5 ಇಂಚಿನ ಬಾಯಿಗೆ ಅಡಾಪ್ಟರ್ ಕೊಟ್ಟು 160ರ ಮೇನ್‌ಲೈನ್ ಎಳೆಯಿರಿ. ಬಾಯಿಯ ಮುಂದೆ ಒಂದು ಮೀಟರಾದರೂ ನೇರ ಇರಲಿ, ಅಲ್ಲೇ ಬೆಂಡ್ ಕೊಟ್ಟರೆ ಫ್ಯಾನ್ ಅರೆಹೊಟ್ಟೆ ಉಣ್ಣುತ್ತದೆ.

ಪೈಪ್ ಅಂಗಡಿಯಲ್ಲಿ ಎಸ್‌ಡಬ್ಲ್ಯುಆರ್ (ಮನೆಯ ಕೊಳೆನೀರು, ಮಳೆನೀರಿಗೆ ಹಾಕುವ ಪಿವಿಸಿ ಪೈಪ್), ಎ ಟೈಪ್ (ತೆಳು ಗೋಡೆಯದು), ರಬ್ಬರ್ ರಿಂಗಿನದು ಕೇಳಿ. ಪೇಸ್ಟ್ ಹಚ್ಚುವ ಬಗೆ ಬೇಡ, ಒಳಗೆ ಹೊಟ್ಟು ಕಟ್ಟಿಕೊಂಡ ದಿನ ಬಿಚ್ಚಲು ಬರುವುದಿಲ್ಲ. ಕವಲಿಗೆ ನೇರ ಮೂಲೆಯ ಟೀ ಬೇಡ, ಓರೆ ಕವಲಿನ ವೈ ತನ್ನಿ. ನೇರ ಮೂಲೆಗೆ ಒಂದು ಬೆಂಡಿನ ಬದಲು ಎರಡು 45 ಡಿಗ್ರಿ ಬೆಂಡ್, ನಡುವೆ ಗೇಣುದ್ದ ಪೈಪ್. ಸಾಕೆಟ್, ಅಂದರೆ ಪೈಪಿನ ಅಗಲ ಬಾಯಿ, ಯಾವಾಗಲೂ ಕಲೆಕ್ಟರಿನತ್ತ ಅಲ್ಲ, ಕಟ್ಟಿಗೆಯ ಮಷಿನ್ ಕಡೆಗೆ ಮುಖ ಮಾಡಿರಬೇಕು. ತಿರುಗಿಸಿ ಹಾಕಿದರೆ ಒಳಗಿನ ಪೈಪಿನ ಅಂಚು ಗಾಳಿಗೆ ಎದುರಾಗಿ ನಿಂತು, ರಂದಾ ಸಿಪ್ಪೆ ಅಲ್ಲೇ ಗೂಡು ಕಟ್ಟುತ್ತದೆ. ಸ್ಕ್ರೂ ಹಾಕಿದರೂ ತುದಿ ಒಳಗೆ ಇಣುಕಬಾರದು.

ಮಷಿನ್ನಿನ 100 ಎಂಎಂ ಬಾಯಿ 110ರ ಪೈಪಿನಲ್ಲಿ ಸಡಿಲ ಕೂರುತ್ತದೆ. ಹಳೆಯ ಸೈಕಲ್ ಟ್ಯೂಬ್ ಸುತ್ತಿ ಬಿಗಿ ಮಾಡಿ. ಸುರುಳಿ ಹೋಸ್ ಒಂದು ಮೀಟರ್ ಮೀರದಿರಲಿ, ನುಣುಪು ಪೈಪಿಗಿಂತ ಅದರ ತಡೆ ಎರಡು ಮೂರು ಪಟ್ಟು.

ದೊಡ್ಡದು ಒಳ್ಳೆಯದು ಅಂದ ಕೂಡಲೇ ಕೆಲವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. 160ರ ಮೇನ್ ಹಾಕಿ, ಒಂದೇ 110ರ ಕವಲಿನ ಗೇಟ್ (ಗಾಳಿಯ ದಾರಿ ಮುಚ್ಚಿ ತೆರೆಯುವ ತಡೆ) ತೆರೆದರೆ, ಮೇನಿನಲ್ಲಿ ವೇಗ ಅರ್ಧಕ್ಕೂ ಕೆಳಗಿಳಿದು ಹೊಟ್ಟು ದಾರಿಯಲ್ಲೇ ಮಲಗುತ್ತದೆ. ಅದಕ್ಕೇ ಟೇಬಲ್ ಸಾ ಪೆಟ್ಟಿಗೆಗೆ ಇನ್ನೊಂದು 110ರ ತೂತು ಕೊರೆದು ಎರಡೂ ಬಾಯಿ ಒಟ್ಟಿಗೆ ಎಳೆಯುವಂತೆ ಮಾಡಿ. ಬರೀ ರಂದಾ ಮಷಿನ್ ಓಡಿಸುವಾಗ ದೂರದ ತುದಿಯ ಗೇಟೊಂದನ್ನೂ ತೆರೆದಿಡಿ.

ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಎಳೆತ ಸರಿಹೋದ ಮೇಲೆ ಚೀಲ ಬೇಗ ತುಂಬುತ್ತದೆ, ಆ ಹೊಟ್ಟು ಎಲ್ಲಿಗೆ? ಸಾಗವಾನಿ, ಮತ್ತಿಯಂಥ ಕಟ್ಟಿಗೆಯದನ್ನು ಹೊಟ್ಟಿನ ಒಲೆಗೆ ಕೊಡಬಹುದು. ಗಿಡದ ಬುಡಕ್ಕೆ ಹಸಿಯಾಗಿ ಬೆರೆಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕ ಹೀರಿ ಎಲೆ ಹಳದಿ ಮಾಡುತ್ತದೆ. ಸಗಣಿ ಕಲಸಿ ತಿಪ್ಪೆಯಲ್ಲಿ ಕೊಳೆಸಿ ಹಾಕಿ. ಪ್ಲೈವುಡ್, ಎಂಡಿಎಫ್ (ಕಟ್ಟಿಗೆಯ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಪುಡಿ ಒಲೆಗೂ ಬೇಡ, ದನದ ಕೊಟ್ಟಿಗೆಗೂ ಬೇಡ. ಅದರಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕದ ಅಂಟು ಇರುತ್ತದೆ. ಎರಡು ಬಗೆಯನ್ನೂ ಒಂದೇ ಚೀಲದಲ್ಲಿ ತುಂಬಿಸಿದ್ದರೆ ಇಡೀ ಚೀಲವನ್ನು ಎಂಡಿಎಫ್ ಎಂದೇ ಹಿಡಿಯಿರಿ. ಕಬ್ಬಿಣ ಉಜ್ಜುವ ಗ್ರೈಂಡರನ್ನಂತೂ ಈ ಪೈಪಿಗೆ ಜೋಡಿಸಲೇಬೇಡಿ. ಒಂದು ಕಿಡಿ ಚೀಲ ಸೇರಿದರೆ ರಾತ್ರಿಯೆಲ್ಲ ಒಳಗೊಳಗೇ ಹೊಗೆಯಾಡಿ, ಬೆಳಗಿನ ಜಾವಕ್ಕೆ ಶೆಡ್ಡಿಗೇ ಹತ್ತಿಕೊಳ್ಳಬಹುದು.