ಬಳ್ಳಾರಿ ಉಣ್ಣೆಯಲ್ಲಿ ಫೆಲ್ಟ್ ಮಾಡುವುದು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಉಣ್ಣೆ ಅಂದರೆ ಕಂಬಳಿ. ನೂಲು, ಮಗ್ಗ, ಹುಣಸೆ ಬೀಜದ ಗಂಜಿ ಯಾವುದೂ ಇಲ್ಲದೆ ಅದೇ ಉಣ್ಣೆಯನ್ನು ಬಿಸಿನೀರು, ಸಾಬೂನು, ತಿಕ್ಕಾಟದಿಂದ ಗಟ್ಟಿ ಹಾಸು, ಅಂದರೆ ಫೆಲ್ಟ್, ಮಾಡಬಹುದು. ಆದರೆ ಬಳ್ಳಾರಿ, ದಖ್ಖನಿ ಕುರಿ ತಳಿಗಳ ಉಣ್ಣೆ ಇದಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಉಣ್ಣೆಯ ಪ್ರತಿ ಎಳೆಯ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ, ಅವುಗಳ ಅಂಚು ತುದಿಯ ಕಡೆಗೆ. ಹಾಗಾಗಿ ತಿಕ್ಕಿದಾಗ ಎಳೆ ಬುಡದ ದಿಕ್ಕಿಗಷ್ಟೇ ಜಾರುತ್ತದೆ, ಪಂಚೆಗೆ ಹತ್ತಿದ ಹುಲ್ಲುಮುಳ್ಳು ಒಂದೇ ಕಡೆ ಏರುವ ಹಾಗೆ. ಬಿಸಿನೀರಿಗೆ ಎಳೆ ಉಬ್ಬಿ ಮೆತ್ತಗಾಗಿ ಬಾಗುತ್ತದೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ನಯವಾದ ಉಣ್ಣೆಯ ಮೆರಿನೋ ಕುರಿಯ ಎಳೆಯ ದಪ್ಪ ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ನಮ್ಮದು ಅದಕ್ಕಿಂತ ಬಹಳ ದಪ್ಪ, ಜೊತೆಗೆ ಒಳಗೆ ಪೊಳ್ಳಾದ ಕೂದಲೂ ಬೆರೆತಿರುತ್ತದೆ. ಈ ಪೊಳ್ಳು ಕೂದಲು ಎಷ್ಟು ತಿಕ್ಕಿದರೂ ಹೆಣೆದುಕೊಳ್ಳದೆ ಮೇಲೆದ್ದು ಚುಚ್ಚುತ್ತದೆ.

ಆದ್ದರಿಂದ ಅರ್ಧ ಕೆಲಸ ಉಣ್ಣೆ ಆಯ್ದುಕೊಳ್ಳುವುದರಲ್ಲೇ ಇದೆ. ಮರಿಯ ಮೊದಲ ಕತ್ತರಿಯ ಉಣ್ಣೆ ಮೇಲೆ-ಕೆಳಗಿನ ಪದರಕ್ಕೆ, ಒರಟು ಉಣ್ಣೆ ನಡುವಿಗೆ. ಆಮೇಲೆ ತೊಳೆಯುವುದು: ಉಣ್ಣೆಯ ಜಿಡ್ಡು ಸುಮಾರು 40 ಡಿಗ್ರಿಗೆ ಕರಗುತ್ತದೆ. 60 ಡಿಗ್ರಿ ನೀರಲ್ಲಿ ಅಲುಗಿಸದೆ ನೆನೆಸಿಡಿ. ಕೈಯಾಡಿಸಿದರೆ ತೊಳೆಯುವ ಬಕೆಟ್‌ನಲ್ಲೇ ಮುದ್ದೆ ಕಟ್ಟುತ್ತದೆ.

ನೀರೂ ಕಾಡುತ್ತದೆ. ಇಲ್ಲಿನ ಹಲವು ಬೋರ್‌ವೆಲ್‌ಗಳದು ಗಡಸು ನೀರು. ಅದರ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಸೇರಿ ಜಿಗುಟು ಗಸಿಯಾಗಿ ಎಳೆಗೆ ಅಂಟುತ್ತದೆ, ನೊರೆಯೂ ಬರುವುದಿಲ್ಲ. ಮಳೆನೀರು ಸಿಕ್ಕರೆ ಅದೇ ಲೇಸು. ಗಡಸು ನೀರೊಂದೇ ಇದ್ದರೆ ಜಿಡ್ಡು ತೆಗೆಯಲು ಅಂಟುವಾಳ ನಡೆಯುತ್ತದೆ, ತಿಕ್ಕುವ ಹಂತಕ್ಕೆ ಕ್ಷಾರವಿರುವ ಸಾಬೂನು ಒಳ್ಳೆಯದು.

60 ಸೆಂ.ಮೀ. ಚೌಕಕ್ಕೆ ಚೆನ್ನಾಗಿ ಹಿಂಜಿದ 150 ಗ್ರಾಂ ಉಣ್ಣೆ ಹಿಡಿಯಿರಿ. ನಾಲ್ಕು ಪದರ, ಒಂದು ಉದ್ದ, ಮುಂದಿನದು ಅಡ್ಡ. ಎಲ್ಲ ಎಳೆ ಒಂದೇ ದಿಕ್ಕಿಗಿದ್ದರೆ ಹಾಸು ಆ ದಿಕ್ಕಿನಲ್ಲೇ ಹರಿಯುತ್ತದೆ. ಸೊಳ್ಳೆ ಪರದೆ ಹೊದಿಸಿ, ಕೈ ತಾಳುವಷ್ಟು ಬಿಸಿಯ ಸಾಬೂನು ನೀರು ಚಿಮುಕಿಸಿ, ಮೊದಲ ಹತ್ತು ನಿಮಿಷ ಅಂಗೈಯಿಂದ ಹಗುರಕ್ಕೆ ತಿಕ್ಕಬೇಕು. ಅವಸರಪಟ್ಟು ಒತ್ತಿದರೆ ಪದರಗಳು ಸರಿದು ನಡುವೆ ತೂತು. ನೀರು ಹೆಚ್ಚಾದರೂ ಕಷ್ಟ, ಎಳೆಗಳು ತೇಲಿ ಒಂದಕ್ಕೊಂದು ತಾಗುವುದೇ ಇಲ್ಲ.

ಚಿವುಟಿ ಎತ್ತಿದಾಗ ಎಳೆ ಬಿಡಿಯಾಗಿ ಬರದೆ ಹಾಸೇ ಎದ್ದು ಬಂದರೆ ಚಾಪೆಯಲ್ಲಿ ಸುತ್ತಿ ಉರುಳಿಸಿ, ನಾಲ್ಕೂ ಬದಿಯಿಂದ ನೂರು-ನೂರು ಸಲ. ಉರುಳಿಸಿದ ದಿಕ್ಕಿಗೇ ಕುಗ್ಗುವುದರಿಂದ ಒಂದು ಬದಿ ಬಿಟ್ಟರೂ ಚೌಕ ಸೊಟ್ಟಗಾಗುತ್ತದೆ. ಕುಗ್ಗುವಿಕೆ ಉಣ್ಣೆಯಿಂದ ಉಣ್ಣೆಗೆ ಬೇರೆ, ಮೊದಲು 20 ಸೆಂ.ಮೀ. ತುಂಡೊಂದನ್ನು ಮಾಡಿ ಅಳೆಯುವುದು ಒಳ್ಳೆಯದು. ಕೊನೆಗೆ ತೊಳೆದು, ಒಂದು ಚಮಚ ವಿನೆಗರ್ ಹಾಕಿದ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ; ಕ್ಷಾರ ಉಳಿದರೆ ಎಳೆ ಕ್ರಮೇಣ ಬಿರುಸಾಗುತ್ತದೆ.