ಕುರಿ ಮೇಯಿಸಲು ಬಂದ ಕ್ರಿಕೆಟಿಗ, ದ್ರಾಕ್ಷಿ ಬೆಳೆದ ನಾಡು

2018ರ ಜನವರಿಯಲ್ಲಿ ರಾಹುಲ್ ದ್ರಾವಿಡ್ ಕೋಚ್ ಆಗಿದ್ದ ನಮ್ಮ 19 ವರ್ಷದೊಳಗಿನವರ ತಂಡ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಬಾಂಗ್ಲಾದೇಶವನ್ನು 131 ರನ್‌ಗಳಿಂದ ಸೋಲಿಸಿತು. ಮೈದಾನದ ಹಿಂದೆಯೇ ಕಡಿದಾದ ಬೆಟ್ಟಗಳ ಸಾಲು. ನೋಡಿದವರಿಗೆ ಮರೆಯುವುದಿಲ್ಲ, ಅಲ್ವಾ? ಅದು ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್. ಆ ಊರು ಶುರುವಾಗಿದ್ದೇ ಒಬ್ಬ ಕ್ರಿಕೆಟಿಗನ ಕುರಿದೊಡ್ಡಿಯಿಂದ.

ಅವರು ವಿಲಿಯಂ ಗಿಲ್ಬರ್ಟ್ ರೀಸ್, ವೇಲ್ಸ್‌ನವರು. ಇಂಗ್ಲೆಂಡ್‌ನ ಹೆಸರಾಂತ ಕ್ರಿಕೆಟಿಗ ಡಬ್ಲ್ಯು. ಜಿ. ಗ್ರೇಸ್ ಅವರ ಹೆಸರೂ ವಿಲಿಯಂ ಗಿಲ್ಬರ್ಟ್ ಎಂದೇ. ಗ್ರೇಸ್‌ಗೆ ರೀಸ್ ತಾಯಿ ಕಡೆಯಿಂದ ಅಣ್ಣನಾಗಬೇಕು, ಗಾಡ್‌ಫಾದರ್ (ಕ್ರೈಸ್ತ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವರು) ಕೂಡ ಅವರೇ.

1852ರಲ್ಲಿ ರೀಸ್ ಆಸ್ಟ್ರೇಲಿಯಾಕ್ಕೆ ಹೋದರು. 1857ರಲ್ಲಿ ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸ್ ಪರ ವಿಕ್ಟೋರಿಯಾ ವಿರುದ್ಧ ಆಡಿದರು. 1860ರಲ್ಲಿ ಹುಲ್ಲುಗಾವಲು ಹುಡುಕುತ್ತಾ ಈಗ ಕ್ವೀನ್ಸ್‌ಟೌನ್ ಇರುವ ವಾಕಟಿಪು ಸರೋವರದ ದಂಡೆಗೆ ಬಂದರು. ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿ ಜನ ಆಯುಧ, ಆಭರಣ ಮಾಡುವ ಹಸಿರು ಕಲ್ಲಿಗಾಗಿ ಮೊದಲಿನಿಂದಲೂ ಓಡಾಡುತ್ತಿದ್ದ ಜಾಗ ಅದು. ರೀಸ್ ಅಲ್ಲೇ ಮನೆ ಕಟ್ಟಿ ಕುರಿ ಬಿಟ್ಟರು.

ನೆಮ್ಮದಿ ಎರಡೇ ವರ್ಷ. 1862ರಲ್ಲಿ ಅವರ ಬಳಿ ಉಣ್ಣೆ ಕತ್ತರಿಸುತ್ತಿದ್ದ ಜ್ಯಾಕ್ ಟೇವಾ ಎಂಬ ಮಾವೊರಿಗೆ ಆರೋ ನದಿಯಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿದ್ದೇ ತಡ, ಸಾವಿರಾರು ಜನ ನುಗ್ಗಿದರು. ಸಲಿಕೆ ಇತ್ತು, ಹೊಟ್ಟೆಗೆ ಇರಲಿಲ್ಲ. ರೀಸ್ ತಮ್ಮ ದೋಣಿಯಲ್ಲಿ ಹಿಟ್ಟು ತರಿಸಿದರು, ಕುರಿ ಕಡಿಸಿದರು. ಅವರ ಉಣ್ಣೆ ಕೊಟ್ಟಿಗೆ ಹೋಟೆಲ್ ಆಯಿತು. ಆಮೇಲೆ ಸರ್ಕಾರ ಆ ನೆಲವನ್ನು ಚಿನ್ನದ ಪ್ರದೇಶ ಎಂದು ಘೋಷಿಸಿ, ಕುರಿ ಮೇಯಿಸಲು ರೀಸ್ ಪಡೆದಿದ್ದ ಗುತ್ತಿಗೆಯನ್ನು ರದ್ದು ಮಾಡಿತು. ಸಿಕ್ಕ ಪರಿಹಾರ 10,000 ಪೌಂಡ್. ಆಗಿನ ಕಾಲಕ್ಕೆ ದೊಡ್ಡ ಮೊತ್ತವೇ. ಆದರೂ ಕೈಯಾರೆ ಕಟ್ಟಿದ ಮನೆ, ಮೇಯಿಸಿದ ಬೆಟ್ಟ ಹೋದ ನೋವು ಹಣದಿಂದ ತೀರುತ್ತದೆ ಎಂದು ನನಗನಿಸುವುದಿಲ್ಲ.

ಆ ಚಿನ್ನದ ಹಿಂದೆಯೇ ದ್ರಾಕ್ಷಿಯೂ ಬಂತು. ಚಿನ್ನ ಅಗೆಯಲು ಬಂದಿದ್ದ ಫ್ರಾನ್ಸ್‌ನ ಜಾನ್ ದೇಸಿರೆ ಫೆರೋ 1864ರಲ್ಲಿ ಅದೇ ಸೀಮೆಯ ಕ್ಲೈಡ್ ಊರಿನ ಬಳಿ ಬಳ್ಳಿ ನೆಟ್ಟರು. ಬೇಸಿಗೆಯಲ್ಲಿ ಸುಡುವ ಹಗಲು, ನಡುಗಿಸುವ ರಾತ್ರಿ, ಮಳೆ ಕಡಿಮೆ, ನೀರು ನಿಲ್ಲದ ಕಲ್ಲುನೆಲ. ದ್ರಾಕ್ಷಿಗೆ ಹೇಳಿ ಮಾಡಿಸಿದ ಜಾಗ. 1881ರಲ್ಲಿ ಅವರ ವೈನ್‌ಗೆ ಸಿಡ್ನಿಯಲ್ಲಿ ಬಹುಮಾನವೂ ಬಂತು. ಆದರೆ ಅವರ ನಂತರ ಆ ಕೆಲಸ ಹಿಡಿದು ಮುಂದುವರಿಸಿದವರಿಲ್ಲ. ಮತ್ತೆ ಅಲ್ಲಿ ವೈನ್ ಉದ್ಯಮ ಎದ್ದಿದ್ದು 1980ರ ದಶಕದಲ್ಲಿ. ಇಂದು ಸೆಂಟ್ರಲ್ ಒಟಾಗೊ ಎಂದು ಕರೆಯುವ ಈ ಸೀಮೆಯ ಪಿನೊ ನ್ವಾರ್ ಎಂಬ ಕೆಂಪು ವೈನ್ ಜಗತ್ತಿಗೇ ಗೊತ್ತು.

ರೀಸ್ 1898ರಲ್ಲಿ ತೀರಿಕೊಂಡರು. ಕ್ವೀನ್ಸ್‌ಟೌನ್ ಪೇಟೆಯಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಪಕ್ಕದಲ್ಲೇ ಒಂದು ಟಗರು.