ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್: ಮೈಯ ಉಬ್ಬುತಗ್ಗಿಗೆ ಡಿಸೈನ್ ಕೂರಿಸುವ ನಕ್ಷೆ

ಒಂದು ತೋಳಿನ ಫೋಟೋ ಇದೆ ಅಂದುಕೊಳ್ಳಿ. ಅದರ ಮೇಲೆ ಕಪ್ಪು ಪಟ್ಟೆಗಳ ಡಿಸೈನ್ ತಂದು ಇಡುತ್ತೀರಿ. ತೋಳು ಬಾಗಿದೆ, ಉಬ್ಬಿದೆ. ಪಟ್ಟೆಗಳು ಮಾತ್ರ ಸ್ಕೇಲ್ ಹಿಡಿದು ಎಳೆದ ಹಾಗೆ ನೆಟ್ಟಗೆ ನಿಂತಿರುತ್ತವೆ. ನೋಡಿದವರಿಗೆ ಅದು ಮೈಗೆ ಬಳಿದ ಬಣ್ಣ ಅನ್ನಿಸುವುದಿಲ್ಲ, ಮೇಲೆ ಅಂಟಿಸಿದ ಕಾಗದ ಅನ್ನಿಸುತ್ತದೆ. ಇದಕ್ಕೆ ಏನು ಮಾಡಬೇಕು ಎಂದು ಫೋಟೋಶಾಪ್ ಬಲ್ಲವರನ್ನು ಕೇಳಿದರೆ ಮೊದಲು ಬರುವ ಉತ್ತರ ‘ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್ ಹಾಕಿ’.

ಡಿಸ್‌ಪ್ಲೇಸ್ ಎಂದರೆ ಇದ್ದ ಜಾಗದಿಂದ ಸರಿಸುವುದು. ಮ್ಯಾಪ್ ಎಂದರೆ ನಕ್ಷೆ. ಎಲ್ಲೆಲ್ಲಿ ಎಷ್ಟೆಷ್ಟು ಸರಿಸಬೇಕು ಎಂದು ಹೇಳುವ ನಕ್ಷೆ ಇದು. ಕನ್ನಡದಲ್ಲಿ ‘ಸರಿಸುನಕ್ಷೆ’ ಅಂದರೂ ಸಾಕು. ನೋಡಲು ಅದೊಂದು ಕಪ್ಪು ಬಿಳುಪಿನ ಚಿತ್ರ, ಅಷ್ಟೇ. ಅದರ ಪ್ರತಿ ಪಿಕ್ಸೆಲ್‌ಗೂ 0ರಿಂದ 255ರವರೆಗೆ ಒಂದು ಅಂಕಿ ಇರುತ್ತದೆ. 0 ಕಡುಗಪ್ಪು, 255 ಅಚ್ಚ ಬಿಳುಪು. 128, ಅಂದರೆ ನಡುವಿನ ಬೂದು ಬಣ್ಣ ಇರುವ ಕಡೆ ಡಿಸೈನ್ ಕದಲುವುದಿಲ್ಲ. ಅದಕ್ಕಿಂತ ಬೆಳ್ಳಗಿರುವ ಕಡೆ ಒಂದು ದಿಕ್ಕಿಗೆ ಜರುಗುತ್ತದೆ, ಕಪ್ಪಗಿರುವ ಕಡೆ ಎದುರು ದಿಕ್ಕಿಗೆ. ನೆಟ್ಟಗಿದ್ದ ಪಟ್ಟೆ ಹೀಗೆ ಅಲ್ಲಿಷ್ಟು ಇಲ್ಲಿಷ್ಟು ಸರಿದು ಬಳುಕುತ್ತದೆ.

ಈ ಹೆಸರು ಹೊಸದಲ್ಲ. ಕಂಪ್ಯೂಟರಿನಲ್ಲಿ ಮಾಡಿದ 3ಡಿ ಆಕಾರಗಳಿಗೆ ಚಿತ್ರ ಹೊದಿಸುವ ವಿಧಾನವನ್ನು 1974ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಎಡ್ ಕ್ಯಾಟ್ಮಲ್ ತೋರಿಸಿದರು. 1978ರಲ್ಲಿ ಜಿಮ್ ಬ್ಲಿನ್ ಬಂಪ್ ಮ್ಯಾಪಿಂಗ್ ತಂದರು. ಅದರಲ್ಲಿ ಮೇಲ್ಮೈ ಇದ್ದಲ್ಲೇ ಇರುತ್ತದೆ, ಬೆಳಕು ನೆರಳು ಮಾತ್ರ ಬದಲಾಗಿ ಸುಕ್ಕಿನಂತೆ ಕಾಣುತ್ತದೆ. 1984ರಲ್ಲಿ ರಾಬರ್ಟ್ ಕುಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಕ್ಷೆಯ ಅಂಕಿ ನೋಡಿ ಮೇಲ್ಮೈಯನ್ನೇ ಎಬ್ಬಿಸುವ, ತಗ್ಗಿಸುವ ದಾರಿ ಹೇಳಿದರು. ಅದೇ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪಿಂಗ್.

ಇಲ್ಲೇ ಒಂದು ಗೊಂದಲ ಇದೆ. 3ಡಿಯಲ್ಲಿ ಸರಿಯುವುದು ಮೇಲ್ಮೈ, ಅದಕ್ಕೆ ನಿಜವಾದ ಆಳ ಇದೆ. ಫೋಟೋಶಾಪ್‌ನ ಡಿಸ್‌ಪ್ಲೇಸ್ ಫಿಲ್ಟರ್‌ನಲ್ಲಿ ಸರಿಯುವುದು ಪಿಕ್ಸೆಲ್, ಅದೂ ಅಕ್ಕಪಕ್ಕ ಇಲ್ಲವೇ ಮೇಲೆ ಕೆಳಗೆ ಮಾತ್ರ. ಹೆಸರು ಒಂದೇ, ಕೆಲಸ ಬೇರೆ. ಈ ಫಿಲ್ಟರ್‌ಗೆ ಆಳ ಗೊತ್ತಿಲ್ಲ, ಬೆಳಕು ನೆರಳು ಮಾತ್ರ ಗೊತ್ತು. ಕೈಕೊಡುವ ಪ್ರಯತ್ನಗಳಲ್ಲಿ ಹೆಚ್ಚಿನವು ಇಲ್ಲೇ ಎಡವುತ್ತವೆ ಎಂದು ನನಗೆ ಅನ್ನಿಸುತ್ತದೆ.

ಯೋಚಿಸಿ ನೋಡಿ. ಭುಜದ ಮೇಲೊಂದು ಕಪ್ಪು ಮಚ್ಚೆ ಇದೆ. ನಮಗೆ ಅದು ಮಚ್ಚೆ, ಫಿಲ್ಟರ್‌ಗೆ ಅದು ಗುಂಡಿ. ಹಾಗಾಗಿ ಮೇಲೆ ಹಾದು ಹೋಗುವ ಪಟ್ಟೆ ಅಲ್ಲಿ ಸುಮ್ನೆ ಒಮ್ಮೆ ಮುರಿದು ಮುಂದೆ ಹೋಗುತ್ತದೆ. ಕೈಮೇಲೆ ಕೂದಲಿದ್ದರೆ ಪಟ್ಟೆಯ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಬೆಳಕು ಒಂದೇ ಮಗ್ಗುಲಿನಿಂದ ಬಿದ್ದಿದ್ದರೆ ಇನ್ನೊಂದು ಮಗ್ಗುಲು ಪೂರ್ತಿ ಕಪ್ಪು. ಆಗ ಅರ್ಧ ಡಿಸೈನ್ ಒಂದು ಕಡೆಗೆ, ಇನ್ನರ್ಧ ಮತ್ತೊಂದು ಕಡೆಗೆ ಓಡುತ್ತದೆ, ಆಕಾರ ಮಾತ್ರ ಮೂಡುವುದಿಲ್ಲ.

ಅದಕ್ಕೇ ನಕ್ಷೆಗೆಂದು ಬೇರೆ ಚಿತ್ರ ತಯಾರಿಸಬೇಕು. ಫೋಟೋವನ್ನು ಸುಮ್ಮನೆ ಕಪ್ಪು ಬಿಳುಪು ಮಾಡಿದರೆ ಸಾಲದು. ಫೋಟೋದ ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಚಾನೆಲ್ಸ್ ಪ್ಯಾನೆಲ್ ತೆರೆದು ಕೆಂಪು, ಹಸಿರು, ನೀಲಿಯನ್ನು ಒಂದೊಂದಾಗಿ ನೋಡಿ. ಚರ್ಮ ಕೆಂಪು ಬೆಳಕನ್ನೇ ಹೆಚ್ಚು ಹಿಂತಿರುಗಿಸುತ್ತದೆ. ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಚರ್ಮ ನಯವಾಗಿ, ಕಲೆಗಳು ತಿಳಿಯಾಗಿ ಕಾಣುತ್ತವೆ. ನೀಲಿಯಲ್ಲಿ ಪ್ರತಿ ಮಚ್ಚೆ, ಪ್ರತಿ ರಂಧ್ರ ಎದ್ದು ಕಾಣುತ್ತದೆ. ಹಸಿರು ಇವೆರಡರ ನಡುವೆ. ನಾನು ಮೊದಲು ಹಸಿರನ್ನು ನೋಡುತ್ತೇನೆ, ಕಲೆ ಜಾಸ್ತಿ ಇದ್ದರೆ ಕೆಂಪಿಗೆ ಹೋಗುತ್ತೇನೆ. ಆರಿಸಿದ ಚಾನೆಲ್ ಅನ್ನು ಬೇರೆ ಫೈಲ್‌ಗೆ ತಂದು, ಉಳಿದ ಮಚ್ಚೆ ಅಳಿಸಿ, ಗಾಸಿಯನ್ ಬ್ಲರ್ (ಚಿತ್ರವನ್ನು ಮಸುಕಾಗಿಸುವ ಫಿಲ್ಟರ್) ಕೊಟ್ಟು, ಫೋಟೋಶಾಪ್‌ನದೇ ಫೈಲ್ ರೂಪವಾದ ಪಿಎಸ್‌ಡಿ ಆಗಿ ಉಳಿಸಬೇಕು. ಬ್ಲರ್ ಎಷ್ಟು? ಚರ್ಮದ ರಂಧ್ರಗಳು ಮಾಯವಾಗಬೇಕು, ಸ್ನಾಯುವಿನ ಉಬ್ಬು ಉಳಿಯಬೇಕು. ಅಂಕಿಗಿಂತ ಕಣ್ಣನ್ನು ನಂಬಿ.

ಆಮೇಲೆ ಡಿಸೈನ್ ಇರುವ ಲೇಯರ್ (ಫೋಟೋದ ಮೇಲಿನ ಪದರ) ಆರಿಸಿ ಫಿಲ್ಟರ್ ಮೆನುವಿನಲ್ಲಿ ಡಿಸ್ಟಾರ್ಟ್, ಅದರಲ್ಲಿ ಡಿಸ್‌ಪ್ಲೇಸ್. ಅಡ್ಡಕ್ಕೊಂದು, ಲಂಬಕ್ಕೊಂದು ಅಂಕಿ ಕೇಳುತ್ತದೆ, ಆಮೇಲೆ ಉಳಿಸಿಟ್ಟ ನಕ್ಷೆಯ ಫೈಲ್ ತೋರಿಸಬೇಕು. 100 ಕೊಟ್ಟರೆ ಹೆಚ್ಚೆಂದರೆ 128 ಪಿಕ್ಸೆಲ್ ಸರಿಯುತ್ತದೆ, 10 ಕೊಟ್ಟರೆ ಸುಮಾರು 13. ಅಗಲ 4000 ಪಿಕ್ಸೆಲ್ ಇರುವ ಫೋಟೋದಲ್ಲಿ 13 ಪಿಕ್ಸೆಲ್ ಕಣ್ಣಿಗೇ ಬೀಳದೆ ಇರಬಹುದು, 800 ಪಿಕ್ಸೆಲ್ ಚಿತ್ರದಲ್ಲಿ ಅದೇ ದೊಡ್ಡ ಅಲೆ. ಯಾರೋ ಹೇಳಿದ ಅಂಕಿಯನ್ನು ಹಾಗೇ ಹಾಕಿದಾಗ ಫಲ ಬೇರೆಯಾಗುವುದು ಇದಕ್ಕೇ. ಲೇಯರ್ ಅನ್ನು ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಅಂಕಿಯನ್ನು ಆಮೇಲೂ ಬದಲಿಸಬಹುದು.

ಇಷ್ಟೆಲ್ಲ ಮಾಡಿದ ಮೇಲೂ ತೋಳು ದುಂಡಗೆ ಕಾಣದಿದ್ದರೆ ಅಚ್ಚರಿ ಬೇಡ. ನಕ್ಷೆ ಸಣ್ಣ ಉಬ್ಬುತಗ್ಗಿಗೆ ಮಾತ್ರ. ದೊಡ್ಡ ದುಂಡುತನವನ್ನು ಕೈಯಿಂದಲೇ ತರಬೇಕು, ಅದೂ ನಕ್ಷೆ ಹಾಕುವ ಮೊದಲು. ತೋಳನ್ನು ಒಂದು ಕೊಳವೆ ಎಂದುಕೊಳ್ಳಿ. ಅದರ ಉದ್ದಕ್ಕೆ ಒಂದೇ ಅಗಲದ ಪಟ್ಟೆಗಳಿವೆ. ನಮ್ಮ ಎದುರಿಗೇ ಇರುವ ಪಟ್ಟೆ ಪೂರ್ತಿ ಅಗಲಕ್ಕೆ ಕಾಣುತ್ತದೆ. ಅಲ್ಲಿಂದ 60 ಡಿಗ್ರಿ ತಿರುಗಿದ ಕಡೆ ಇರುವ ಪಟ್ಟೆ ಅರ್ಧದಷ್ಟೇ ಕಾಣುತ್ತದೆ. 80 ಡಿಗ್ರಿಗೆ ಬಂದರೆ ಸುಮಾರು ಆರರಲ್ಲಿ ಒಂದು ಪಾಲು. ಅಂದರೆ ಅಂಚಿಗೆ ಹೋದಂತೆ ಪಟ್ಟೆಗಳು ಒತ್ತೊತ್ತಾಗಬೇಕು. ಅಂಚಿನಲ್ಲೂ ನಡುವಿನಷ್ಟೇ ಅಗಲ ಇದ್ದರೆ ನಮ್ಮ ಕಣ್ಣು ಅದನ್ನು ಚಪ್ಪಟೆ ಎಂದೇ ಓದುತ್ತದೆ. ಇದನ್ನು ಸರಿಮಾಡುವುದು ಎಡಿಟ್ ಮೆನುವಿನ ವಾರ್ಪ್. 2005ರ ಸಿಎಸ್2 ಆವೃತ್ತಿಯಲ್ಲಿ ಬಂದ ಈ ಉಪಕರಣ ಡಿಸೈನ್ ಮೇಲೆ ಒಂದು ಬಲೆ ಹರಡುತ್ತದೆ. ಅದರ ಅಂಚುಗಳನ್ನು ಎಳೆದು, ಒತ್ತಿ, ಬಾಗಿಸಬಹುದು.

ಬಳೆಯಂತೆ ಸುತ್ತುವ ಅಡ್ಡಪಟ್ಟೆಯಾದರೆ ಬಾಗು ಯಾವ ಕಡೆಗೆ ಅನ್ನುವುದೂ ಮುಖ್ಯ. ನೆಟ್ಟಗೆ ನಿಂತವರ ಮೈಮೇಲೆ ಕ್ಯಾಮೆರಾ ಮಟ್ಟಕ್ಕಿಂತ ಮೇಲಿನ ಪಟ್ಟೆ ಕಮಾನಿನಂತೆ ಮೇಲಕ್ಕೆ ಬಾಗುತ್ತದೆ. ಕೆಳಗಿನದು ತೊಟ್ಟಿಲಿನಂತೆ ಕೆಳಕ್ಕೆ ಜೋತು ಬೀಳುತ್ತದೆ. ತೋಳು, ಎದೆ, ಹೊಟ್ಟೆ ಎಲ್ಲಕ್ಕೂ ಒಂದೇ ಲೇಯರ್ ಬೇಡ. ತೋಳು ಮೈಗೆ ತಾಗಿಕೊಂಡಿದ್ದರೂ ಪಟ್ಟೆ ಅಲ್ಲಿಂದ ಇಲ್ಲಿಗೆ ಹಾಗೇ ಹರಿಯುವುದಿಲ್ಲ ಅಲ್ವಾ? ಪ್ರತಿ ಭಾಗಕ್ಕೂ ಬೇರೆ ತುಂಡು, ಬೇರೆ ವಾರ್ಪ್, ಬೇರೆ ಮಾಸ್ಕ್ (ಅಂಚಿನಾಚೆ ಹೋದದ್ದನ್ನು ಮರೆಮಾಡುವ ಮುಸುಕು) ಇರಲಿ.

ಇನ್ನು ಬೆಳಕು. ಲೇಯರ್‌ನ ಬ್ಲೆಂಡ್ ಮೋಡ್ ಅನ್ನು, ಅಂದರೆ ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ಮಲ್ಟಿಪ್ಲೈ ಮಾಡಿದರೆ ಕೆಳಗಿನ ನೆರಳು ಡಿಸೈನ್ ಮೇಲೂ ಬರುತ್ತದೆ. ಆದರೆ ಮಲ್ಟಿಪ್ಲೈ ಯಾವತ್ತೂ ಬೆಳಗಿಸುವುದಿಲ್ಲ, ಕಪ್ಪಾಗಿಸುತ್ತದೆ ಅಷ್ಟೇ. ಕಪ್ಪು ಮೈಬಣ್ಣದ ಮೇಲೆ ತಿಳಿ ಬಣ್ಣದ ಡಿಸೈನ್ ಹಾಕುವಾಗ ಸ್ಕ್ರೀನ್ ಅಥವಾ ಸಾಫ್ಟ್ ಲೈಟ್ ನೋಡಬೇಕು. ಮೈಮೇಲೆ ಬಣ್ಣ ಬಳಿದರೂ ಹೊಳಪು ಬಣ್ಣದ ಮೇಲೇ ಮಿನುಗುತ್ತದೆ. ಅದನ್ನು ತರಲು ಲೇಯರ್ ಸ್ಟೈಲ್ ಕಿಟಕಿಯ ಬ್ಲೆಂಡ್ ಇಫ್‌ನಲ್ಲಿ ಕೆಳಗಿನ ಲೇಯರ್‌ನ ಬಿಳಿ ಜಾರುಗುಂಡಿಯನ್ನು ಆಲ್ಟ್ ಒತ್ತಿ ಎರಡಾಗಿ ಒಡೆದು ಎಳೆಯಿರಿ, ಚರ್ಮದ ಹೊಳಪು ಮೆಲ್ಲಗೆ ಹೊರಬರುತ್ತದೆ.

ಕೆಲಸ ಸರಿಯಾಯಿತೇ ಎಂದು ನೋಡಲು ನಾನು ಮಾಡುವುದು ಇಷ್ಟು: ಕೆಳಗಿನ ಫೋಟೋವನ್ನು ಮರೆಮಾಡಿ, ಮಾಸ್ಕ್ ಆಫ್ ಮಾಡಿ, ಡಿಸೈನ್ ಲೇಯರ್ ಒಂದನ್ನೇ ನೋಡುತ್ತೇನೆ. ಚರ್ಮವಿಲ್ಲ, ನೆರಳಿಲ್ಲ, ಹೊರಗೆರೆಯೂ ಇಲ್ಲ, ಬರೀ ಪಟ್ಟೆ. ಆ ಪಟ್ಟೆಗಳಲ್ಲೇ ಒಂದು ತೋಳು ಕಂಡರೆ ಮಾಸ್ಕ್ ಅನ್ನೂ ಫೋಟೋವನ್ನೂ ವಾಪಸ್ ತರುತ್ತೇನೆ. ಕಾಣದಿದ್ದರೆ ಮತ್ತೆ ವಾರ್ಪ್‌ನಿಂದ ಶುರು.